ಕೊಸರಿನ ಲೆಕ್ಕ

ನಮ್ಮ ಊರಿನ ಹೆಸರಿನಲ್ಲಿಯೇ ಸಂತೆಯಿದೆ. ಆದುದರಿಂದ ಸಂತೇಬೆನ್ನೂರಿನಲ್ಲಿ ಬೆಳೆದವರಿಗೆ ಕೊಸರು ಎಂದರೇನೆಂಬುದನ್ನು ಯಾರೂ ಪಾಠ ಹೇಳಿ ಕಲಿಸಬೇಕಾದುದಿಲ್ಲ. ಅಳತೆ ಮುಗಿದ ಮೇಲೆ ಸುರಿಯುವ ಒಂದು ಹಿಡಿ ಕಾಳು, ಮೆಣಸಿನಕಾಯಿ ತೂಗಿದ ಮೇಲೆ ಹಾಕುವ ನಾಲ್ಕು ಕಾಯಿ, ಕೊತ್ತಂಬರಿಯ ಕಟ್ಟಿನೊಡನೆ ಬರುವ ಎರಡು ಎಸಳು ಕರಿಬೇವು, ಇವೆಲ್ಲ ಕೊಸರು. ಕೇಳದೆ ಕೊಟ್ಟರೆ ಮಾರುವವಳ ದೊಡ್ಡತನ, ಕೇಳಿ ಪಡೆದರೆ ಕೊಳ್ಳುವವಳ ಜಾಣತನ. ಎರಡು ಪಕ್ಷದಲ್ಲಿಯೂ ಕೊಸರಿಗೆ ಬೆಲೆಯೆಂಬುದಿಲ್ಲ. ಬೆಲೆ ಕಟ್ಟಿದ ಮೇಲೆ ಅದು ಕೊಸರೇ ಅಲ್ಲ.

ಈಗ ಒಂದು ಕಡೆ ಮಾತ್ರ ಈ ವ್ಯವಹಾರ ತಲೆಕೆಳಗಾಗಿ ನಡೆಯುತ್ತಿರುವುದನ್ನು ಕಂಡು ಬಂದೆವು. ಅದು ಹೊಸ ಮೋಟಾರು ಕಾರನ್ನು ಮಾರುವ ಅಂಗಡಿ. ಅಲ್ಲಿ ಕೊಸರನ್ನು ಅವರೇ ಹೇರುತ್ತಾರೆ, ಅದಕ್ಕೆ ಬೆಲೆಯನ್ನು ನಾವೇ ತೆರುತ್ತೇವೆ. ಈ ತಿಂಗಳು ಆ ವಿಷಯವನ್ನೇ ಬರೆಯಬೇಕೆಂದು ತೋರಿತು. ಏಕೆಂದರೆ ಅಡಿಕೆಯ ದುಡ್ಡು ಕೈಗೆ ಬಂದ ಮನೆಗಳಲ್ಲಿ ಮದುವೆಯ ಮಾತಿನಷ್ಟೇ ಕಾರಿನ ಮಾತೂ ಈಚೆಗೆ ಕೇಳಿಬರುತ್ತಿದೆ.

2025ರ ಅಕ್ಟೋಬರಿನಲ್ಲಿ, ದೀಪಾವಳಿಗೆ ಇನ್ನೂ ಎಂಟು ಹತ್ತು ದಿನವಿರುವಾಗ, ನಮ್ಮಲ್ಲಿ ಹಿಂದೆ ಓದಿದ್ದ ಒಬ್ಬ ತರುಣ ಗೃಹಸ್ಥನು ಒಂದು ಹಾಳೆಯನ್ನು ಹಿಡಿದುಕೊಂಡು ಮನೆಗೆ ಬಂದನು. ತೋಟದವನು; ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇರುವ ಸಂಸಾರ. ಹಳೆಯ ಕಾರನ್ನು ಕೊಟ್ಟು ಹೊಸದನ್ನು ತರುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಆ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ.ಯನ್ನು ನೂರಕ್ಕೆ 28ರಿಂದ 18ಕ್ಕೆ ಇಳಿಸಿ, ಅದರ ಮೇಲಿದ್ದ ಸೆಸ್ಸನ್ನೂ ತೆಗೆದಿದ್ದರಷ್ಟೆ. ಅವನು ನೋಡಿದ ಪೆಟ್ರೋಲ್ ಕಾರಿನ ಬೆಲೆ 6,90,000 ರೂಪಾಯಿ. ಹಳೆಯ ತೆರಿಗೆಯಲ್ಲಿ ಅದೇ ಕಾರು 7,54,000ಕ್ಕೆ ಮುಟ್ಟುತ್ತಿತ್ತು. ಸುಮಾರು 64,000 ಉಳಿಯಿತೆಂದು ಮನೆಯವರಿಗೆಲ್ಲ ಸಂತೋಷ.

“ಹಾಳೆಯನ್ನು ಒಂದ್ಸಲ ನೋಡ್ರಿ ಮೇಷ್ಟ್ರೇ. ನಾಳೆ ದಾವಣಗೆರೆಗೆ ಹೋಗಿ ಅಡ್ವಾನ್ಸ್ ಕೊಡಬೇಕು” ಎಂದನು.

ನೋಡಿದೆವು. ಕಾರಿನ ಬೆಲೆಯ ಕೆಳಗೆ ರಸ್ತೆ ತೆರಿಗೆ 1,07,226 ಎಂದಿತ್ತು. ಇದು ಸರಿಯಾದ ಲೆಕ್ಕ. ಐದು ಲಕ್ಷಕ್ಕೆ ಮೇಲೆ ಹತ್ತು ಲಕ್ಷದೊಳಗಿನ ಕಾರಿಗೆ ನಮ್ಮ ರಾಜ್ಯದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 14. ಆ ತೆರಿಗೆಯ ಮೇಲೆ ನೂರಕ್ಕೆ 11ರಂತೆ ಸೆಸ್. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ. ಅದರ ಕೆಳಗೆ ವಿಮೆ 46,000. ಅಲ್ಲಿಂದ ಮುಂದಕ್ಕೆ ಓದಿದಾಗ ಕನ್ನಡಕವನ್ನು ಒರೆಸಿಕೊಳ್ಳಬೇಕಾಯಿತು: ಹ್ಯಾಂಡ್ಲಿಂಗ್ ಖರ್ಚು 8,500, ಅಲಂಕಾರದ ಪ್ಯಾಕೇಜು 42,000, ಬಣ್ಣಕ್ಕೆ ರಕ್ಷಣೆಯ ಲೇಪ 18,000, ಅಡಿಭಾಗಕ್ಕೆ ತುಕ್ಕು ಹಿಡಿಯದ ಲೇಪ 6,000, ಅತ್ಯಗತ್ಯ ಕಿಟ್ ಎಂಬುದಕ್ಕೆ 6,500, ಹೆಚ್ಚಿನ ವರ್ಷಗಳ ವಾರಂಟಿ 14,000. ಈ ಆರು ಬಾಬುಗಳೇ ಕೂಡಿ 95,000. ಸರ್ಕಾರವು ಬಿಟ್ಟುಕೊಟ್ಟ 64,000ವೂ ಹೋಗಿ, ಮೇಲೆ 31,000 ಕೈಯಿಂದ ಹೋಗುವಂತಿತ್ತು.

“ಇವೆಲ್ಲ ಬೇಕೆಂದು ನೀನು ಹೇಳಿದೆಯೇನಪ್ಪಾ?” ಎಂದು ಕೇಳಿದೆವು.

“ಇಲ್ಲ ಮೇಷ್ಟ್ರೇ. ಅದು ಜೊತೆಗೇ ಬರ್ತದಂತೆ. ಪ್ಯಾಕೇಜು ಬೇಡ ಅಂದ್ರೆ ಗಾಡಿ ಸಿಗೋದು ಎರಡು ತಿಂಗಳು ತಡ ಆಗ್ತದೆ ಅಂದ್ರು. ಹಬ್ಬಕ್ಕೆ ಮನೆ ಮುಂದೆ ಇರ್ಬೇಕು ಅಂತ ಅವ್ವನ ಆಸೆ.”

ಚನ್ನಗಿರಿಯಲ್ಲಿ ಅಡಿಕೆ ಮಾರುವಾಗ ಈತನು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯುವವನಲ್ಲ. ಕ್ವಿಂಟಾಲಿಗೆ ನೂರು ರೂಪಾಯಿ ಕಡಮೆ ಕೇಳಿದರೆ ಮೂಟೆಯನ್ನು ಹಿಂದಕ್ಕೆ ತರುವವನು. ಆದರೆ ತಂಪು ಗಾಳಿಯ ಕೋಣೆಯಲ್ಲಿ ಕುಳ್ಳಿರಿಸಿ, ಕಾಫಿ ಕೊಟ್ಟು, ಹೆಂಡತಿ ಮಕ್ಕಳ ಎದುರಿಗೆ ಹಾಳೆಯನ್ನು ಚಾಚಿದಾಗ ‘ಇದೇನು, ಅದೇಕೆ’ ಎಂದು ಕೇಳುವುದು ಕೃಪಣತನವೆಂದು ತೋರಿತಂತೆ. ಈ ಸಂಕೋಚದ ಮೇಲೆಯೇ ಆ ವ್ಯಾಪಾರವೆಲ್ಲ ನಿಂತಿದೆಯೆಂದು ನಮ್ಮ ಅಭಿಪ್ರಾಯ.

ನಾವು ಇನ್ನೊಬ್ಬರಿಗೆ ಬುದ್ಧಿ ಹೇಳುವಷ್ಟು ಶುದ್ಧರೇನೂ ಅಲ್ಲವೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುವುದು ಲೇಸು. 2016ರಲ್ಲಿ ನಾವು ಒಂದು ಸಣ್ಣ ಕಾರನ್ನು ಕೊಂಡಾಗ ಹೀಗೆಯೇ ಒಂದು ಪ್ಯಾಕೇಜಿಗೆ ಕುತ್ತಿಗೆಯೊಡ್ಡಿದೆವು. ಅದರಲ್ಲಿ ಕಿಟಕಿಯ ಗಾಜಿಗೆ ಅಂಟಿಸುವ ಕಪ್ಪು ಹಾಳೆಯೂ ಒಂದು. ಬಿಸಿಲಿಗೆ ಒಳ್ಳೆಯದೆಂದರು, ನಂಬಿದೆವು. ಅಂತಹ ಕಪ್ಪು ಹಾಳೆಯನ್ನು ಅಂಟಿಸಬಾರದೆಂದು ಸುಪ್ರೀಂ ಕೋರ್ಟು 2012ರಲ್ಲಿಯೇ ಹೇಳಿದ್ದಿತು. ಮುಂದಿನ ಹಿಂದಿನ ಗಾಜುಗಳಲ್ಲಿ ನೂರಕ್ಕೆ 70 ಪಾಲು, ಪಕ್ಕದವುಗಳಲ್ಲಿ 50 ಪಾಲು ಬೆಳಕು ಹಾಯಬೇಕೆಂಬುದು ನಿಯಮ. ಅಂಟಿಸಿದವರಿಗೆ ಇದು ತಿಳಿಯದಿರಲು ಸಾಧ್ಯವಿಲ್ಲ. ಒಂದು ದಿನ ಪಟ್ಟಣದ ವೃತ್ತದಲ್ಲಿ ನಮ್ಮನ್ನು ತಡೆದು ದಂಡ ಬರೆದ ಪೇದೆಯು ನಮ್ಮಲ್ಲಿಯೇ ಸಂಸ್ಕೃತ ಓದಿದವನು. ‘ಕ್ಷಮಿಸಬೇಕು ಮೇಷ್ಟ್ರೇ’ ಎಂದು ವಿನಯದಿಂದಲೇ ಹಾಳೆಯನ್ನು ಕಿತ್ತನು. ಹಣ ಕೊಟ್ಟು ಅಂಟಿಸಿಕೊಂಡು, ಹಣ ಕೊಟ್ಟು ಕೀಳಿಸಿಕೊಂಡ ಹಾಗಾಯಿತು. ಮುಂಭಾಗಕ್ಕೆ ಕಬ್ಬಿಣದ ಕಟಕಟೆಯನ್ನು ಹಾಕಿಸಿಕೊಳ್ಳುವವರೂ ಇದನ್ನು ಗಮನಿಸಬೇಕು. ಅದು ಕೂಡದೆಂದು ಕೇಂದ್ರದ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ.

ಇರಲಿ; ಪ್ರಕೃತಕ್ಕೆ ಬರೋಣ. ‘ಚ’ ಎಂಬ ಅವ್ಯಯಕ್ಕೆ ವೈಯಾಕರಣರು ನಾಲ್ಕು ಅರ್ಥಗಳನ್ನು ಹೇಳುತ್ತಾರೆ: ಸಮುಚ್ಚಯ, ಅನ್ವಾಚಯ, ಇತರೇತರಯೋಗ, ಸಮಾಹಾರ. ಅನ್ವಾಚಯಕ್ಕೆ ಅವರು ಕೊಡುವ ನಿದರ್ಶನವು ಸೊಗಸಾಗಿದೆ. ಗುರುವು ಶಿಷ್ಯನನ್ನು ಭಿಕ್ಷೆಗೆ ಕಳುಹಿಸುತ್ತ, ಹಸುವನ್ನೂ ಹೊಡೆದುಕೊಂಡು ಬಾ ಎನ್ನುತ್ತಾನೆ. ಭಿಕ್ಷೆ ಮುಖ್ಯ, ಹಸು ಆನುಷಂಗಿಕ. ದಾರಿಯಲ್ಲಿ ಹಸು ಕಂಡರೆ ತರುವುದು, ಕಾಣದಿದ್ದರೆ ಭಿಕ್ಷೆಯೊಂದನ್ನೇ ತರುವುದು. ಹಸುವನ್ನು ಹುಡುಕುತ್ತ ಭಿಕ್ಷೆಯನ್ನು ಮರೆಯತಕ್ಕದ್ದಲ್ಲ. ಸಮಾಹಾರವೆಂದರೆ ಹಲವನ್ನು ಕೂಡಿಸಿ ಒಂದೇ ಪಿಂಡವೆಂದು ಎಣಿಸುವುದು. ಅನ್ವಾಚಯವಾಗಿರತಕ್ಕದ್ದನ್ನು ಸಮಾಹಾರವೆಂದು ಓದಿಸುವುದೇ ಪ್ಯಾಕೇಜು. ಆದುದರಿಂದ ನಾವು ಮಾಡಿದ ಮೊದಲ ಕೆಲಸವೆಂದರೆ ಆ ಪಿಂಡವನ್ನು ಒಡೆದು ಒಂದೊಂದು ಬಾಬನ್ನೂ ಬೇರೆ ಹಾಳೆಯಲ್ಲಿ ಬರೆದುದು.

ವಿಮೆಯಿಂದ ತೊಡಗಿದೆವು, ಏಕೆಂದರೆ ಇದರಲ್ಲಿ ಬೇಕಾದುದೂ ಬೇಡವಾದುದೂ ಹೆಣೆದುಕೊಂಡಿರುತ್ತವೆ. ಇತರರಿಗೆ ಆಗುವ ಹಾನಿಯ ವಿಮೆಯನ್ನು ಹೊಸ ಕಾರಿಗೆ ಒಮ್ಮೆಲೇ ಮೂರು ವರ್ಷಕ್ಕೆ ಮಾಡಿಸಬೇಕೆಂಬುದು 2018ರ ಸೆಪ್ಟೆಂಬರಿನಿಂದ ಬಂದ ಕಟ್ಟಳೆ. ಅದರ ದರವು ಎಲ್ಲ ಕಂಪನಿಗಳಲ್ಲಿಯೂ ಒಂದೇ. 2022ರಲ್ಲಿ ಗೊತ್ತುಮಾಡಿದಂತೆ ಸಾವಿರದಿಂದ ಒಂದೂವರೆ ಸಾವಿರ ಸಿ.ಸಿ. ವರೆಗಿನ ಎಂಜಿನಿಗೆ 10,640 ರೂಪಾಯಿ, ತೆರಿಗೆ ಬೇರೆ. ನಮ್ಮ ಕಾರಿಗೇ ಆಗುವ ಹಾನಿಯ ವಿಮೆಯನ್ನಾದರೋ ವರ್ಷವರ್ಷಕ್ಕೆ ಮಾಡಿಸಬಹುದು. ಅದನ್ನೂ ಮೂರು ವರ್ಷಕ್ಕೆ ಕಟ್ಟಿ ಮಾರುತ್ತಿದ್ದ ಪದ್ಧತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2020ರ ಆಗಸ್ಟಿನಿಂದ ಹಿಂದಕ್ಕೆ ತೆಗೆದುಕೊಂಡಿತು. ಕಾರನ್ನು ಮಾರುವವರಲ್ಲಿಯೇ ವಿಮೆಯನ್ನು ಕೊಳ್ಳಬೇಕೆಂಬ ವಿಧಿಯು ಎಲ್ಲಿಯೂ ಇಲ್ಲ. ಮಾಲೀಕನ ಅಪಘಾತಕ್ಕೆಂದು 15 ಲಕ್ಷದ ವಿಮೆಯೊಂದನ್ನು ಸೇರಿಸುತ್ತಾರೆ. ಅಷ್ಟು ಮೊತ್ತದ ಅಪಘಾತ ವಿಮೆ ಬೇರೆ ಇದ್ದವರು ಅದನ್ನು ಮತ್ತೆ ಕೊಳ್ಳಬೇಕಾಗಿಲ್ಲ.

ಇನ್ನೊಂದನ್ನು ಅಂಗಡಿಯವರು ಎತ್ತಿರಲೇ ಇಲ್ಲ. ನಮ್ಮ ಶಿಷ್ಯನ ಹಳೆಯ ಕಾರಿನ ಮೇಲೆ ಮೂರು ವರ್ಷದಿಂದ ಯಾವ ಪರಿಹಾರವನ್ನೂ ಕೇಳಿರಲಿಲ್ಲ. ಹಾಗಿದ್ದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 35 ಸೋಡಿ. ಐದು ವರ್ಷವಾದರೆ 50. ಈ ಹಕ್ಕು ಕಾರಿಗೆ ಅಂಟಿದುದಲ್ಲ, ಯಜಮಾನನಿಗೆ ಅಂಟಿದುದು. ಹಳೆಯ ಕಾರನ್ನು ಮಾರುವಾಗ ವಿಮಾ ಕಂಪನಿಯಿಂದ ಒಂದು ಪತ್ರವನ್ನು ಬರೆಸಿಕೊಂಡರೆ ಹೊಸ ಕಾರಿಗೆ ಸಲ್ಲುತ್ತದೆ. ಕೇಳದವರಿಗೆ ಅದು ದಕ್ಕುವುದಿಲ್ಲ. ಹೊರಗೆ ವಿಚಾರಿಸಿದಾಗ ಅಂಗಡಿಯ 46,000ದ ವಿಮೆಯೇ, ಅಕ್ಷರ ಬದಲಾಗದಂತೆ, 33,500ಕ್ಕೆ ದೊರೆಯಿತು. ಈ ಸೋಡಿಯಿಂದ ಇನ್ನೂ ಆರು ಸಾವಿರ ಇಳಿಯಿತು.

ಹಾಗೆಂದು ವಿಮೆಯಲ್ಲಿ ಎಲ್ಲವನ್ನೂ ಕತ್ತರಿಸುವುದು ಜಾಣತನವಲ್ಲ. ನಮ್ಮ ಬೀದಿಯಲ್ಲಿಯೇ ಒಬ್ಬರು ಎಲ್ಲ ‘ಹೆಚ್ಚುವರಿ’ಯನ್ನೂ ಒಂದೇ ಮಾತಿನಲ್ಲಿ ತಳ್ಳಿಬಿಟ್ಟು, ಆರೇ ತಿಂಗಳಲ್ಲಿ ಎಮ್ಮೆಗೆ ಗುದ್ದಿ ಪಶ್ಚಾತ್ತಾಪ ಪಟ್ಟರು. ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರು, ಟೈರು, ಬ್ಯಾಟರಿಗಳಿಗೆ ಸವೆತದ ಲೆಕ್ಕದಲ್ಲಿ ಅರ್ಧ ಬೆಲೆಯನ್ನು ಮುರಿದುಕೊಳ್ಳುತ್ತಾರೆ. ಈಗಿನ ಕಾರುಗಳ ಮೂತಿಯೆಲ್ಲ ಪ್ಲಾಸ್ಟಿಕ್ಕಲ್ಲವೆ? ಹನ್ನೆರಡು ಸಾವಿರದ ಬಂಪರಿಗೆ ಆರು ಸಾವಿರವನ್ನು ನಾವೇ ತೆರಬೇಕು. ಸವೆತವನ್ನು ಮುರಿದುಕೊಳ್ಳದ ವಿಮೆಗೆ ಝೀರೋ ಡೆಪ್ ಎನ್ನುತ್ತಾರೆ. ಹೊಸ ಕಾರಿನ ಮೊದಲ ವರ್ಷಗಳಲ್ಲಿ ಅದು ಕೊಸರಲ್ಲ, ಧಾನ್ಯವೇ. ನಮ್ಮ ಶಿಷ್ಯನಿಗೆ ಅದನ್ನು ಬಿಡಬೇಡವೆಂದೇ ಹೇಳಿದೆವು.

ಅತ್ಯಗತ್ಯ ಕಿಟ್ ಎಂಬ ಹೆಸರು ಬಹಳ ಗಂಭೀರವಾಗಿದ್ದಿತು. ಬಿಚ್ಚಿ ನೋಡಿದರೆ ನಂಬರು ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎಚ್ಚರಿಕೆಯ ತ್ರಿಕೋನ, ಫಾಸ್ಟ್ಯಾಗ್, ಒಂದು ಎಳೆಯುವ ಹಗ್ಗ, ಒರೆಸುವ ಬಟ್ಟೆ. 2019ರ ಏಪ್ರಿಲ್ ಮೊದಲ್ಗೊಂಡು ತಯಾರಾದ ಕಾರುಗಳಿಗೆ ಹೆಚ್ಚಿನ ಭದ್ರತೆಯ ನಂಬರು ಫಲಕವನ್ನು ತಯಾರಕರೇ ಒದಗಿಸಬೇಕು. ಅದರ ಬೆಲೆಯು ಕಾರಿನ ಬೆಲೆಯಲ್ಲಿಯೇ ಅಡಗಿದೆ. ಪೆಟ್ಟಿಗೆಯೂ ತ್ರಿಕೋನವೂ ಗಾಡಿಯೊಡನೆಯೇ ಬರತಕ್ಕವು. ಉಳಿದುದು ಹಗ್ಗ ಮತ್ತು ಬಟ್ಟೆ. ಹ್ಯಾಂಡ್ಲಿಂಗ್ ಖರ್ಚು ಯಾವುದಕ್ಕೆಂದು ಯಾರಿಗೂ ಹೇಳಲಾಗಲಿಲ್ಲ. ಕಾರ್ಖಾನೆಯಿಂದ ಅಂಗಡಿಗೆ ತಂದ ಖರ್ಚು ಬೆಲೆಯಲ್ಲಿ ಸೇರಿರುವಾಗ ಅಂಗಡಿಯ ಬಾಗಿಲಿನಿಂದ ರಸ್ತೆಯವರೆಗೆ ಕೈಯಲ್ಲಿ ಹೊತ್ತು ತರುತ್ತಾರೆಯೇ ಎಂದು ಶಿಷ್ಯನ ತಾಯಿಯವರು ಕೇಳಿದರು. ಲೇಪಗಳ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಸಮುದ್ರದ ಉಪ್ಪು ಗಾಳಿಯ ಊರಿನಲ್ಲಿ ಅಡಿಭಾಗದ ಲೇಪಕ್ಕೆ ಅರ್ಥವಿರಬಹುದು, ಸೂಳೆಕೆರೆಯ ಗಾಳಿಗೆ ಕಬ್ಬಿಣ ಕರಗುವುದನ್ನು ನಾವು ಕಂಡಿಲ್ಲ.

ಅಲಂಕಾರದ ಪ್ಯಾಕೇಜಿನಲ್ಲಿ ಸೀಟಿನ ಹೊದಿಕೆ, ಕಾಲಡಿಯ ಹಾಸು, ಕೆಸರು ತಡೆ, ಬಾಗಿಲಿಗೆ ಹೊಳೆಯುವ ಪಟ್ಟಿ, ಸುಗಂಧದ ಸೀಸೆ, ಒಂದು ಸಣ್ಣ ಗಣಪತಿ ಇದ್ದವು. ಕೆಲವು ಬೇಕಾದವೇ; ಆದರೆ ಪೇಟೆಯಲ್ಲಿ ಅರ್ಧ ಬೆಲೆಗೆ ದೊರೆಯುತ್ತವೆ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಈ 95,000ವನ್ನು ಬ್ಯಾಂಕಿನ ಸಾಲದಲ್ಲಿಯೇ ಸೇರಿಸುತ್ತೇವೆಂದು ಅಂಗಡಿಯವರು ಸಮಾಧಾನ ಹೇಳಿದ್ದರಂತೆ. ನೂರಕ್ಕೆ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಇದು ಸುಮಾರು 1,18,000 ಆಗುತ್ತದೆ. ಸುಗಂಧದ ಸೀಸೆ ಎರಡು ತಿಂಗಳಿಗೆ ಒಣಗುತ್ತದೆ, ಅದರ ಕಂತು ಅರುವತ್ತು ತಿಂಗಳು ನಡೆಯುತ್ತದೆ.

ಇಷ್ಟಾದ ಮೇಲೆ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಇದನ್ನು ಹೇಳುವುದಕ್ಕಾಗಿಯೇ ಈ ತಿಂಗಳ ಪುಟವನ್ನು ಬರೆಯಲು ಕುಳಿತುದು. ಅವನು ಒಪ್ಪಿದ್ದುದು ಆ ಕಾರಿನ ಕೆಳಗಿನ ಶ್ರೇಣಿ. ಅದರಲ್ಲಿ ಏರ್‌ಬ್ಯಾಗುಗಳು ಎರಡೇ, ಎರಡೂ ಮುಂದಿನ ಸೀಟಿನವರಿಗೆ. ಮೇಲಿನ ಶ್ರೇಣಿಯಲ್ಲಿ ಆರು. ಜಾರಿದಾಗ ಗಾಡಿಯನ್ನು ಹಿಡಿತದಲ್ಲಿಡುವ ವ್ಯವಸ್ಥೆ, ಹಿಂದಕ್ಕೆ ನೋಡುವ ಕ್ಯಾಮರಾ ಸಹ ಇದ್ದವು. “ಅದನ್ನೇಕೆ ತೆಗೆದುಕೊಳ್ಳಲಿಲ್ಲ?” ಎಂದರೆ, “74,000 ಹೆಚ್ಚು ಮೇಷ್ಟ್ರೇ, ನಮ್ಮ ಕೈಗೆ ಎಟುಕೋದಿಲ್ಲ” ಎಂದನು. ತೆರಿಗೆ ಸೇರಿದರೆ 85,500. ಎಟುಕದ ಆ 85,500ಕ್ಕೆ ಬದಲಾಗಿ ಎಟುಕಿಸಿಕೊಂಡಿದ್ದುದು 95,000ದ ಲೇಪ, ಪಟ್ಟಿ, ಹೊದಿಕೆ! ಹಿಂದಿನ ಸೀಟಿನಲ್ಲಿ ಕುಳ್ಳಿರುವವರು ಅವನ ತಾಯಿ ಮತ್ತು ಮಕ್ಕಳು.

ಕೊಸರು ಯಾವುದು, ಕಾಳು ಯಾವುದು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತದೆಯೆಂಬುದನ್ನೂ ಹೇಳಬೇಕು. 1908ರಲ್ಲಿ ಅಮೆರಿಕದಲ್ಲಿ ಫೋರ್ಡ್ ಮಹಾಶಯನು ‘ಮಾಡೆಲ್ ಟಿ’ ಕಾರನ್ನು 850 ಡಾಲರಿಗೆ ಮಾರತೊಡಗಿದಾಗ ಮೇಲಿನ ಮುಸುಕು, ಎದುರಿನ ಗಾಜು, ಮುಂದಿನ ದೀಪ ಇವೆಲ್ಲಕ್ಕೂ ಬೇರೆ ಹಣ. 1956ರ ಫೋರ್ಡ್ ಕಾರಿನಲ್ಲಿ ಸೀಟಿನ ಪಟ್ಟಿಯೂ ಹೆಚ್ಚಿನ ಹಣ ಕೊಟ್ಟು ಕೊಳ್ಳುವ ವಸ್ತುವಾಗಿತ್ತು. ಮೂರೇ ವರ್ಷದ ಮೇಲೆ, 1959ರಲ್ಲಿ, ಸ್ವೀಡನ್ನಿನ ವೋಲ್ವೋ ಕಂಪನಿಯವರು ಮೂರು ಕಡೆ ಹಿಡಿಯುವ ಪಟ್ಟಿಯನ್ನು ಕಾರಿನೊಡನೆಯೇ ಕೊಡತೊಡಗಿದರು. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗು 2019ರ ಜುಲೈವರೆಗೂ, ಪಕ್ಕದವರದು 2021ರ ಕೊನೆಯವರೆಗೂ ಶ್ರೀಮಂತ ಶ್ರೇಣಿಯ ಅಲಂಕಾರವೆಂದೇ ಎಷ್ಟೋ ಕಾರುಗಳಲ್ಲಿ ಎಣಿಸಲ್ಪಟ್ಟಿತ್ತು, ಆಮೇಲೆ ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ನಡೆದು ಕಾರುಗಳಿಗೆ ನಕ್ಷತ್ರಗಳನ್ನು ಕೊಡುತ್ತಾರೆ. ಕಾರ್ಖಾನೆಯಲ್ಲಿಯೇ ಕೂಡಿಸಿದ ಈ ಬಗೆಯ ವಸ್ತುಗಳನ್ನು ಆಮೇಲೆ ಪೇಟೆಯಲ್ಲಿ ಕೊಂಡು ಸೇರಿಸಲಾಗುವುದಿಲ್ಲ. ಹಾಸನ್ನೂ ಹೊದಿಕೆಯನ್ನೂ ಯಾವಾಗ ಬೇಕಾದರೂ ಸೇರಿಸಬಹುದು.

ಮೇಲಿನ ಶ್ರೇಣಿಗೆ ಏರುವಾಗಲೂ ಒಂದು ಹೊಂಡವಿದೆ. ಕಾರಿನ ಬೆಲೆ ಹತ್ತು ಲಕ್ಷವನ್ನು ದಾಟಿದೊಡನೆ ನಮ್ಮಲ್ಲಿ ರಸ್ತೆ ತೆರಿಗೆ ನೂರಕ್ಕೆ 14ರಿಂದ 17ಕ್ಕೆ ಹಾರುತ್ತದೆ, ಅದೂ ಇಡೀ ಬೆಲೆಯ ಮೇಲೆ. 9,95,000ದ ಕಾರನ್ನು ಬಿಟ್ಟು 10,10,000ದ್ದನ್ನು ಕೊಂಡರೆ ಬೆಲೆಯಲ್ಲಿ ವ್ಯತ್ಯಾಸ ಹದಿನೈದು ಸಾವಿರ, ತೆರಿಗೆಯಲ್ಲಿ ಸುಮಾರು ಮೂವತ್ತಾರು ಸಾವಿರ. ಇದಲ್ಲದೆ ನೂರಕ್ಕೆ ಒಂದರಂತೆ ಆದಾಯ ತೆರಿಗೆಯ ಬಾಬು ಹಿಡಿಯುತ್ತಾರೆ. ಅದನ್ನು ಲೆಕ್ಕ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು. ನಮ್ಮ ಶಿಷ್ಯನ ಕಾರು 7,64,000ದಲ್ಲಿಯೇ ನಿಂತುದರಿಂದ ಈ ಭಯವಿರಲಿಲ್ಲ.

ಮರುದಿನ ಅವನೊಡನೆ ದಾವಣಗೆರೆಗೆ ಹೋದೆವು. ಮಾರುವ ಹುಡುಗನು ಇಪ್ಪತ್ತೈದು ವಯಸ್ಸಿನವನು, ಸಭ್ಯ. ಪ್ಯಾಕೇಜಿಲ್ಲದೆ ಕಾರು ಎರಡು ತಿಂಗಳು ತಡವಾಗುವುದೆಂದು ಮತ್ತೆ ಹೇಳಿದನು. “ಒಳ್ಳೆಯದಪ್ಪಾ, ಆ ಮಾತನ್ನೇ ಒಂದು ಕಾಗದದ ಮೇಲೆ ಬರೆದು ಮೊಹರು ಹಾಕಿಕೊಡಿ” ಎಂದೆವು. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಕಟ್ಟುವುದು 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಹೆಸರಿಸಲ್ಪಟ್ಟಿದೆ. ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದೊಳಗಿನ ದಾವೆಗೆ ಶುಲ್ಕವೂ ಇಲ್ಲ. 1915 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿಯೂ ದೂರು ಹೇಳಬಹುದು. ಇದಾವುದನ್ನೂ ನಾವು ಅಲ್ಲಿ ಎತ್ತಬೇಕಾಗಲಿಲ್ಲ. ಹುಡುಗನು ಒಳಗೆ ಹೋಗಿ ಬಂದನು. ತಡವೆಂಬುದು ಮಾಯವಾಗಿತ್ತು.

“ಬೇಜಾರು ಮಾಡ್ಕೋಬೇಡಿ ಸಾರ್. ತಿಂಗಳಿಗೆ ಇಷ್ಟು ಪ್ಯಾಕೇಜು ಮಾರಲೇಬೇಕು ಅಂತ ನಮಗೂ ಟಾರ್ಗೆಟ್ ಇರ್ತದೆ” ಎಂದನು. ಅವನ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಕಾರಿನ ಮೇಲೆ ಅಂಗಡಿಗೆ ಉಳಿಯುವುದು ಅಲ್ಪ, ಈ ಕೊಸರುಗಳ ಮೇಲೆಯೇ ಹೆಚ್ಚು. ಸಂಬಳಕ್ಕೆ ದುಡಿಯುವ ಹುಡುಗನು ಮೇಲಿನವರು ಕಲಿಸಿದ ಪಾಠವನ್ನು ಒಪ್ಪಿಸುತ್ತಾನೆ. ಸೋಡಿ ಕೊಡುವ ವಿಷಯದಲ್ಲಿ ಅಂಗಡಿಗಳ ಕೈಯನ್ನೂ ಕಟ್ಟಿರುವುದುಂಟು. ತನ್ನ ಅಂಗಡಿಗಳು ಗೊತ್ತುಮಾಡಿದುದಕ್ಕಿಂತ ಹೆಚ್ಚು ಸೋಡಿಯನ್ನಾಗಲಿ ಉಚಿತ ವಸ್ತುಗಳನ್ನಾಗಲಿ ಕೊಡಬಾರದೆಂದು ತಡೆದುದಕ್ಕಾಗಿ ಸ್ಪರ್ಧಾ ಆಯೋಗವು 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿ ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಯು ಮೇಲ್ಮನವಿ ಹೋಗಿ ತಡೆಯಾಜ್ಞೆಯನ್ನು ಪಡೆಯಿತು.

ಕೊನೆಯ ಲೆಕ್ಕ ಹೀಗಾಯಿತು. ಮೇಲಿನ ಶ್ರೇಣಿಯ ಕಾರು 7,64,000, ತೆರಿಗೆ 1,18,726, ಹೊರಗಿನ ವಿಮೆ 28,500, ಹೆಚ್ಚಿನ ವಾರಂಟಿ 14,000. ಒಟ್ಟು 9,25,226. ಮೊದಲಿನ ಹಾಳೆಯ ಮೊತ್ತವು 9,38,226 ಆಗಿದ್ದಿತು. ವಾರಂಟಿಯನ್ನು ನಾವೇ ಇರಿಸಿಕೊಳ್ಳಹೇಳಿದೆವು; ಅವನದು ತೋಟ, ಪೇಟೆ, ನೆಂಟರ ಮನೆಯೆಂದು ಬಹಳ ಓಡಾಟ. ಮೂಲ ವಾರಂಟಿ ಮುಗಿಯುವುದರೊಳಗೆ ಅದನ್ನು ಆಮೇಲೆಯೂ ಕೊಳ್ಳಬಹುದೆಂಬ ಕಂಪನಿಗಳುಂಟು, ಆದರೆ ದರ ಏರುತ್ತದೆ. ವಾರಂಟಿಯಿರುವ ಕಾರಿನ ತಂತಿಯನ್ನು ಹೊರಗಿನವರಿಂದ ಕತ್ತರಿಸಿ ಹಾರನ್ನು, ದೀಪ ಎಂದು ಜೋಡಿಸಿದರೆ ಆ ಭಾಗದ ವಾರಂಟಿಯೂ ಕತ್ತರಿಸಿ ಹೋಗುತ್ತದೆ.

ಕಾರು ದೀಪಾವಳಿಗೆ ಬಂದಿತು. ಪುಷ್ಕರಣಿಯ ಹತ್ತಿರ ನಿಲ್ಲಿಸಿ ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿದರು. ಕಾಲಡಿಯ ಹಾಸನ್ನು ಅಂಗಡಿಯ ಹುಡುಗನು ತಾನಾಗಿಯೇ ಇಟ್ಟು ಕಳುಹಿಸಿದ್ದನು, ಬೆಲೆಯಿಲ್ಲದೆ. ಸೀಟಿಗೆ ಹೊದಿಕೆಯಿಲ್ಲವೆಂದು ಮಾತ್ರ ತಾಯಿಯವರಿಗೆ ಮನಸ್ಸಿಗೆ ಬರಲಿಲ್ಲ. ಪೇಟೆಯಲ್ಲಿ ಹೊಲಿಸಲು ಕೊಟ್ಟರು. ಹೊಲಿದು ತೊಡಿಸುವಾಗ ಶಿಷ್ಯನು ಕೈಪಿಡಿಯನ್ನು ತೆರೆದು ನೋಡಿದ್ದರಿಂದ ಒಂದು ಅನರ್ಥ ತಪ್ಪಿತು. ಆರರಲ್ಲಿ ಎರಡು ಏರ್‌ಬ್ಯಾಗುಗಳು ಮುಂದಿನ ಸೀಟುಗಳ ಪಕ್ಕದ ಅಂಚಿನಲ್ಲಿಯೇ ಮಡಿಚಿಟ್ಟಿರುತ್ತವೆ. ಬಿಗಿಯಾದ ಹೊದಿಕೆಯನ್ನು ಸುತ್ತಲೂ ಹೊಲಿದುಬಿಟ್ಟರೆ ಹೊರಗೆ ಬರಲು ದಾರಿಯಿಲ್ಲ. ದರ್ಜಿಗೆ ತೋರಿಸಿ ಆ ಬದಿಯ ಹೊಲಿಗೆಯನ್ನು ಬಿಚ್ಚಿಸಿದನು. ಅಂಗಡಿಯ ಪ್ಯಾಕೇಜಿನ ಹೊದಿಕೆ ಹೇಗಿತ್ತೆಂದು ಆಮೇಲೆ ವಿಚಾರಿಸಿದೆವು. ಅದರ ಬದಿಯೂ ಮುಚ್ಚಿ ಹೊಲಿದುದೇ ಆಗಿತ್ತು.